ಗಾಡಿ ಗೊಂದಲ: ವಾರಂಟಿ ಇದ್ದರೂ ಸ್ಕ್ಯಾನಿಂಗ್ ಚಾರ್ಜು ಯಾಕೆ?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು. ಗಾಡಿಗೆ ವಾರಂಟಿ ಇದೆ, ಆದರೂ ತೊಂದರೆ ಏನೆಂದು ನೋಡುವುದಕ್ಕೇ ದುಡ್ಡು ಕೇಳುತ್ತಾರೆ. ಅಂಥ ಪತ್ರಗಳನ್ನೇ ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಡೀಸೆಲ್ ಕಾರಿಗೆ ಒಂದೂವರೆ ವರ್ಷ, 22,000 ಕಿ.ಮೀ. ಓಡಿದೆ. ಎಂಜಿನ್ ಲೈಟ್ ಹತ್ತಿಕೊಂಡಿದ್ದು ಆರುತ್ತಲೇ ಇಲ್ಲ. ಮಾರನಹಳ್ಳಿಯಿಂದ ಘಾಟಿ ಹತ್ತುವಾಗ ಎಳೆತವೂ ಕಮ್ಮಿ. ಹಾಸನದ ಸರ್ವಿಸ್ ಸೆಂಟರಿನವರು ‘ಮೊದಲು 1,500 ರೂಪಾಯಿ ಸ್ಕ್ಯಾನಿಂಗ್ ಚಾರ್ಜು ಕಟ್ಟಿ, ವಾರಂಟಿಗೆ ಬಂದರೆ ವಾಪಸ್ ಕೊಡ್ತೀವಿ’ ಅಂತಾರೆ. ಇದು ಸರಿಯಾ?
— ಓದುಗರು, ಸಕಲೇಶಪುರ

ಉತ್ತರ: ಕೇಳುವುದು ತಪ್ಪಲ್ಲ. ಯಾವ ಷರತ್ತಿನ ಮೇಲೆ ಕೇಳುತ್ತಾರೆ, ಅದು ಕಾಗದದ ಮೇಲೆ ಬಂದಿದೆಯೇ ಎಂಬುದನ್ನು ನೋಡಬೇಕು.

ವಾರಂಟಿ ಅಂದರೆ ತಯಾರಿಕೆಯಲ್ಲೋ ಸಾಮಗ್ರಿಯಲ್ಲೋ ದೋಷವಿದ್ದರೆ ಖರ್ಚಿಲ್ಲದೆ ಸರಿಮಾಡಿಕೊಡುತ್ತೇವೆ ಎಂಬ ಕಂಪನಿಯ ಮಾತು. ದೋಷ ಕಂಪನಿಯದೋ, ಬಂಕಿನ ಡೀಸೆಲ್‌ನದೋ, ಇಲಿಯದೋ ಎಂಬುದು ಹುಡುಕಿದ ಮೇಲಷ್ಟೇ ಗೊತ್ತಾಗುತ್ತದೆ. ಕಾರಣ ವಾರಂಟಿಯೊಳಗಿನದಾದರೆ ಹುಡುಕಿದ ಕೂಲಿಯೂ ರಿಪೇರಿಯ ಭಾಗವೇ, ಅದನ್ನು ನಿಮ್ಮಿಂದ ವಸೂಲು ಮಾಡಬಾರದು. ಹೊರಗಿನದಾದರೆ ಕೂಲಿ ನಿಮ್ಮದು, ಅದೂ ಮೊದಲೇ ಒಪ್ಪಿದ ಮೊತ್ತದವರೆಗೆ ಮಾತ್ರ.

ಡೀಲರ್ ಮುಂಗಡ ಕೇಳುವುದಕ್ಕೂ ಒಂದು ಲೆಕ್ಕವಿದೆ. ವಾರಂಟಿ ಕೆಲಸಕ್ಕೆ ಕಂಪನಿ ಅವರಿಗೆ ಕೊಡುವುದು ನಿಗದಿ ಸಮಯದ ಕೂಲಿ. ಸೆನ್ಸರ್ ಬದಲಿಸಲು ಇಷ್ಟು ನಿಮಿಷ ಎಂದು ಪಟ್ಟಿಯಲ್ಲಿದ್ದರೆ ಅಷ್ಟಕ್ಕೇ ದುಡ್ಡು. ಆ ಸೆನ್ಸರೇ ಕಾರಣ ಎಂದು ಕಂಡುಹಿಡಿಯಲು ಮೆಕ್ಯಾನಿಕ್ ಎರಡು ಗಂಟೆ ತಿಣುಕಿದ್ದರೆ ಅದರ ಕೂಲಿ ಪೂರ್ತಿ ಬರುವ ಖಾತ್ರಿಯಿಲ್ಲ. ಕ್ಲೇಮ್ ತಿರಸ್ಕೃತವಾದರೆ ಏನೂ ಇಲ್ಲ. ಆ ನಷ್ಟ ನಿಮ್ಮ ಮೇಲೆ ಬೀಳುತ್ತದೆ. ಅವರ ಕಷ್ಟ ನಿಜವೇ, ಆದರೆ ಅದು ಅವರಿಗೂ ಕಂಪನಿಗೂ ನಡುವಿನ ವ್ಯವಹಾರ.

‘ಸ್ಕ್ಯಾನಿಂಗ್’ ಎಂಬ ಒಂದೇ ಪದದಲ್ಲಿ ಎರಡು ಕೆಲಸ ಸೇರಿಕೊಂಡಿವೆ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಯಂತ್ರ ಚುಚ್ಚಿ ಕೋಡ್ (ಗಾಡಿ ದಾಖಲಿಸಿಟ್ಟ ದೋಷದ ಸಂಕೇತ) ಓದುವುದು ಹತ್ತು-ಹದಿನೈದು ನಿಮಿಷದ ಕೆಲಸ. ಆ ಕೋಡ್ ಯಾಕೆ ಬಂತೆಂದು ಪತ್ತೆ ಹಚ್ಚುವುದು ಬೇರೆ, ಅದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ನಿಮ್ಮ 1,500 ಯಾವುದಕ್ಕೆ ಎಂದು ಮೊದಲು ಕೇಳಿ. ಕೂಲಿಯ ಮೇಲೆ ಶೇ. 18 ಜಿಎಸ್‌ಟಿ ಸೇರಿ ಬಿಲ್ ಆಗುವುದು 1,770 ರೂಪಾಯಿ, ಅದನ್ನೂ ನೆನಪಿಡಿ.

ಕೋಡ್ ತೀರ್ಪಲ್ಲ. ಎಳೆತ ಕಮ್ಮಿಯಾದ ಡೀಸೆಲ್ ಗಾಡಿಯಲ್ಲಿ ಪಿ0087 ಬಂತೆನ್ನಿ, ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯಲ್ಲಿ (ಕಾಮನ್ ರೈಲು) ಒತ್ತಡ ಕಡಿಮೆ ಎಂದಷ್ಟೇ ಅದರ ಅರ್ಥ. ಫಿಲ್ಟರ್ ಕಟ್ಟಿರಬಹುದು, ಪೈಪಿನಲ್ಲಿ ಗಾಳಿ ಎಳೆಯುತ್ತಿರಬಹುದು, ಡೀಸೆಲ್‌ನಲ್ಲಿ ನೀರಿರಬಹುದು, ಹೈಪ್ರೆಷರ್ ಪಂಪ್ ಸವೆದಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು, ಒತ್ತಡ ಅಳೆಯುವ ಸೆನ್ಸರೇ ಸುಳ್ಳು ಹೇಳುತ್ತಿರಬಹುದು. ಫಿಲ್ಟರ್ ಆದರೆ ಖರ್ಚು ನಿಮ್ಮದು. ಪಂಪ್, ಇಂಜೆಕ್ಟರ್, ಸೆನ್ಸರ್ ತಾವಾಗಿಯೇ ಕೆಟ್ಟಿದ್ದರೆ ಕಂಪನಿಯದು. ನೀರು ಹೊಕ್ಕು ಕೆಟ್ಟಿದ್ದರೆ ವಾರಂಟಿ ಇಲ್ಲ.

ಆದ್ದರಿಂದ ‘ಡೀಸೆಲ್ ಸರಿಯಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಒಪ್ಪಿಕೊಳ್ಳಬೇಡಿ. ಫಿಲ್ಟರಿನ ತಳದ ತಿರುಪು ಬಿಚ್ಚಿ ಪಾರದರ್ಶಕ ಬಾಟಲಿಗೆ ನಿಮ್ಮೆದುರೇ ಸ್ಯಾಂಪಲ್ ಇಳಿಸಲಿ. ಎರಡು ಬಾಟಲಿ ತುಂಬಿಸಿ, ಮುಚ್ಚಳದ ಮೇಲೆ ದಿನಾಂಕ ಮತ್ತು ಇಬ್ಬರ ಸಹಿ ಹಾಕಿ ಒಂದನ್ನು ನೀವು ಇಟ್ಟುಕೊಳ್ಳಿ. ಅಲುಗಿಸದೆ ರಾತ್ರಿಯಿಡೀ ಬಿಟ್ಟರೆ ನೀರು ತಳಕ್ಕೆ ಇಳಿದು ಗೆರೆ ಎಳೆದ ಹಾಗೆ ನಿಲ್ಲುತ್ತದೆ. ಇಂಜೆಕ್ಟರ್ ಮೇಲೆ ಅನುಮಾನವಿದ್ದರೆ ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಗುರುತು ಹಾಕಿದ ಬಾಟಲಿ ಕಟ್ಟಿ ಎಂಜಿನ್ ಓಡಿಸಿ ನೋಡುವ ಪರೀಕ್ಷೆ ಇದೆ. ಮೂರರಲ್ಲಿ ತಳ ಒದ್ದೆಯಾಗುವಷ್ಟರಲ್ಲಿ ನಾಲ್ಕನೆಯದು ಅರ್ಧ ತುಂಬಿದರೆ ಕಳ್ಳ ಸಿಕ್ಕಿದ. ಇಂಥ ಪರೀಕ್ಷೆ ಮಾಡಿದ್ದಕ್ಕೆ ಕೂಲಿ ಕೇಳಿದರೆ ನ್ಯಾಯ. ಕೋಡ್ ಓದಿ ‘ಪಂಪ್ ಹೋಗಿದೆ’ ಅಂದಿದ್ದಕ್ಕೆ 1,770 ಹೆಚ್ಚಾಯಿತು.

ಕೀ ಕೊಡುವ ಮೊದಲು ಜಾಬ್ ಕಾರ್ಡ್ (ನಿಮ್ಮ ದೂರು, ಮಾಡಬೇಕಾದ ಕೆಲಸ ಬರೆಯುವ ಚೀಟಿ) ಓದಿ. ಅಡ್ವೈಸರ್ ಬರೆಯುವ ‘ಜನರಲ್ ಚೆಕಪ್’ ಸಾಲದು. ತೊಂದರೆಯನ್ನು ನಿಮ್ಮ ಮಾತಿನಲ್ಲೇ ಬರೆಸಿ: ‘ಎಂಜಿನ್ ಲೈಟ್ ಸದಾ ಉರಿಯುತ್ತದೆ, ಎಂಜಿನ್ ಬಿಸಿಯಾದ ಮೇಲೆ ಏರಿನಲ್ಲಿ ಎರಡನೇ ಗೇರಿನಲ್ಲೂ ಎಳೆತ ಕಮ್ಮಿ.’ ಅದರ ಕೆಳಗೆ ಹೀಗೆ ಸೇರಿಸಿ: ‘ದೋಷ ವಾರಂಟಿಯಡಿ ಬಂದರೆ ತಪಾಸಣೆ ಶುಲ್ಕವಿಲ್ಲ, ಕಟ್ಟಿದ ಮುಂಗಡ ವಾಪಸ್. ಬಾರದಿದ್ದರೆ ತೆರಿಗೆ ಸೇರಿ ಗರಿಷ್ಠ 1,770 ರೂ. ಯಾವುದನ್ನೂ ಬಿಚ್ಚುವ ಮೊದಲು ಫೋನ್ ಮಾಡಬೇಕು.’ ಇಬ್ಬರೂ ಸಹಿ ಮಾಡಿ, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಕಟ್ಟಿದ ದುಡ್ಡಿಗೆ ರಸೀದಿ ಇರಲಿ. ಕೆಲಸ ಮುಗಿದಾಗ ಕೋಡಿನ ಪ್ರಿಂಟ್ ಕೇಳಿ, ಅದರ ಜೊತೆ ‘ಫ್ರೀಜ್ ಫ್ರೇಮ್’ ಕೂಡ. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನ್ ಸುತ್ತು, ವೇಗ, ಕೂಲೆಂಟ್ ಬಿಸಿ, ಲೋಡ್ ಎಷ್ಟಿತ್ತೆಂದು ಗಾಡಿಯೇ ಬರೆದಿಟ್ಟುಕೊಂಡಿರುವ ದಾಖಲೆ ಅದು.

ಲೈಟ್ ಸುಮ್ಮನೆ ಉರಿಯುತ್ತಿದ್ದರೆ ನಿಧಾನಕ್ಕೆ ಹಾಸನದವರೆಗೆ ಓಡಿಸಬಹುದು. ಪೆಟ್ರೋಲ್ ಗಾಡಿಯಲ್ಲಿ ಅದೇ ಲೈಟ್ ಮಿಣುಕುತ್ತಿದ್ದರೆ ಓಡಿಸಲೇಬೇಡಿ. ಮಿಸ್‌ಫೈರ್ ಆಗಿ ಸುಡದ ಪೆಟ್ರೋಲ್ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕರಗಿಸುತ್ತದೆ. ‘ಲೈಟ್ ಮಿಣುಕುತ್ತಿದ್ದರೂ ಓಡಿಸಿದಿರಿ’ ಎಂಬುದು ಆಮೇಲೆ ವಾರಂಟಿ ನಿರಾಕರಿಸಲು ಸಿದ್ಧ ಕಾರಣ.

ಪ್ರಶ್ನೆ: ಕಾಫಿ ಕುಯ್ಲಿನ ಹೊತ್ತಿನಲ್ಲಿ ಎಂಟು ದಿನ ಕಾರನ್ನು ಗೋದಾಮಿನ ಪಕ್ಕದ ಶೆಡ್ಡಿನಲ್ಲೇ ಬಿಟ್ಟಿದ್ದೆವು. ಆಮೇಲೆ ಸ್ಟಾರ್ಟ್ ಆಗಲಿಲ್ಲ. ಎಳೆದುಕೊಂಡು ಹೋದರೆ ‘ಇಲಿ ವೈರು ಕಡಿದಿದೆ, ವಾರಂಟಿ ಬರಲ್ಲ’ ಅಂತ ತಪಾಸಣೆಗೆ 3 ಗಂಟೆ ಎಂದು 4,248 ರೂ. ಬಿಲ್ ಹಾಕಿ, ಹಾರ್ನೆಸ್ (ವೈರುಗಳ ಕಟ್ಟು) ಪೂರ್ತಿ ಬದಲಿಸಲು 38,000 ಎಸ್ಟಿಮೇಟ್ ಕೊಟ್ಟಿದ್ದಾರೆ.
— ಓದುಗರು, ಆಲ್ದೂರು

ಉತ್ತರ: ಇಲಿ ಕಡಿದದ್ದು ವಾರಂಟಿಯಲ್ಲಿ ಬರುವುದಿಲ್ಲ, ಅದರಲ್ಲಿ ವಾದವಿಲ್ಲ. ಕಡಿದದ್ದು ಇಲಿಯೇ ಹೌದೇ ಎಂದು ಮಾತ್ರ ಕಣ್ಣಾರೆ ನೋಡಿ. ಇಲಿ ಕಡಿದ ವೈರಿನ ಮೇಲಿನ ಪ್ಲಾಸ್ಟಿಕ್ಕಿನಲ್ಲಿ ಜೋಡಿ ಹಲ್ಲಿನ ಸಣ್ಣ ಗೀರುಗಳಿರುತ್ತವೆ, ತಾಮ್ರದ ಎಳೆಗಳು ಹೊಳೆಯುತ್ತ ಹೊರಗೆ ಕಾಣುತ್ತವೆ, ಸುತ್ತ ಹಿಕ್ಕೆ, ಬಾನೆಟ್ಟಿನ ಒಳಪದರದಿಂದ ಕಿತ್ತ ಹತ್ತಿ ಬಿದ್ದಿರುತ್ತದೆ. ಲೋಹದ ಅಂಚಿಗೆ ಉಜ್ಜಿ ಸವೆದ ವೈರು ಒಂದೇ ಕಡೆ ಚಪ್ಪಟೆಯಾಗಿ, ಕಪ್ಪಾಗಿರುತ್ತದೆ. ಕ್ಲಿಪ್ ಸರಿಯಾಗಿ ಹಾಕದೆ ಹಾಗಾಗಿದ್ದರೆ ಅದು ತಯಾರಿಕಾ ದೋಷ, ವಾರಂಟಿಯಲ್ಲಿ ಕೇಳಿ.

ಬಾನೆಟ್ ಎತ್ತಿದ ಕೂಡಲೇ ಕಾಣುವ ಕಡಿತಕ್ಕೆ ಮೂರು ಗಂಟೆ ಕೂಲಿ ಹೆಚ್ಚೇ. ಯಾವ ವೈರು, ಎಲ್ಲಿ, ಎಷ್ಟು ಕಡೆ, ಯಾವ ಕನೆಕ್ಟರಿನಿಂದ ಯಾವುದಕ್ಕೆ ಮೀಟರ್ ಇಟ್ಟು ನೋಡಿದರೆಂದು ಬರಹದಲ್ಲಿ ಕೇಳಿ. ಸೀಟಿನ ಕೆಳಗೋ ಡ್ಯಾಶ್‌ಬೋರ್ಡ್ ಒಳಗೋ ಬಿಚ್ಚಿ ಹುಡುಕಿದ್ದರೆ ಮೂರು ಗಂಟೆ ಆದೀತು.

ಪೂರ್ತಿ ಹಾರ್ನೆಸ್ ಬೇಕೇ? ಲೈಟ್, ಹಾರ್ನ್, ಫ್ಯಾನ್, ವೈಪರ್ ವೈರುಗಳನ್ನು ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ಹೊದಿಸಿ ಜೋಡಿಸಬಹುದು. ಏರ್‌ಬ್ಯಾಗ್ ವೈರಿಗೆ (ಹಳದಿ ಕವಚ ಇರುವುದು ಹೆಚ್ಚಾಗಿ ಅದೇ) ಜೋಡಣೆ ಬೇಡ, ಬದಲಿಸಿ. ಎಬಿಎಸ್ ಚಕ್ರದ ಸೆನ್ಸರಿನ ವೈರಿಗೂ ಹಾಗೇ. ಒಂದಕ್ಕೊಂದು ಹುರಿ ಹೊಸೆದಂತಿರುವ ಎರಡು ವೈರುಗಳು ಕಂಟ್ರೋಲ್ ಯೂನಿಟ್‌ಗಳ ನಡುವಿನ ಮಾತುಕತೆಗೆ ಇರುವವು. ಜೋಡಿಸಿದರೂ ಹುರಿ ಬಿಚ್ಚದ ಹಾಗೆ ಜೋಡಿಸಬೇಕು, ಇಲ್ಲವಾದರೆ ಬಿಟ್ಟು ಬಿಟ್ಟು ತೊಂದರೆ ಕೊಡುತ್ತದೆ.

ಫುಲ್ ಇನ್ಶೂರೆನ್ಸ್ ಇದ್ದರೆ ಓನ್ ಡ್ಯಾಮೇಜ್ (ನಿಮ್ಮ ಗಾಡಿಗೇ ಆದ ಹಾನಿ) ಕ್ಲೇಮಿಗೆ ಕೇಳಿ, ಆದರೆ ಬಿಚ್ಚುವ ಮೊದಲು. ಸರ್ವೇಯರ್ ನೋಡುವ ತನಕ ಕಡಿದ ವೈರು ಇದ್ದ ಹಾಗೇ ಇರಬೇಕು. 1,500 ಸಿಸಿ ತನಕದ ಕಾರಿಗೆ 1,000 ರೂ., ಅದಕ್ಕಿಂತ ದೊಡ್ಡದಕ್ಕೆ 2,000 ರೂ. ಕಡ್ಡಾಯವಾಗಿ ನೀವೇ ಭರಿಸಬೇಕು, ಸವಕಳಿ ಕಳೆಯದ ಜೀರೋ ಡೆಪ್ ಪಾಲಿಸಿ ಇಲ್ಲದಿದ್ದರೆ ಸವಕಳಿಯೂ ಕಳೆಯುತ್ತದೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿದು ಮತ್ತೆ ಶೇ. 20, 25, 35 ಎಂದು ಮೊದಲಿಂದ ಏರಬೇಕು. ಓನ್ ಡ್ಯಾಮೇಜ್ ಪ್ರೀಮಿಯಂ 9,000 ಇದ್ದು ಬೋನಸ್ ಶೇ. 35 ಆಗಿದ್ದರೆ ಮುಂದಿನ ವರ್ಷಕ್ಕೇ 3,150 ಹೋಯಿತು. ನಾಲ್ಕು ವೈರು ಜೋಡಿಸಿ ಐದಾರು ಸಾವಿರದಲ್ಲಿ ಮುಗಿಯುವುದಾದರೆ ಕ್ಲೇಮ್ ಲಾಭವಿಲ್ಲ, 38,000 ಆದರೆ ಮಾಡಲೇಬೇಕು.

ಹೊಗೆಸೊಪ್ಪು, ಕರ್ಪೂರ ಕಟ್ಟುವವರಿದ್ದಾರೆ. ವಾಸನೆ ನಾಲ್ಕು ದಿನ, ಆಮೇಲೆ ಇಲಿಗೆ ಅದೂ ಹಾಸಿಗೆ. ನುಸಿಗುಳಿಗೆ ಹಾಕಿದರೆ ಎಸಿಯ ಗಾಳಿಯಲ್ಲಿ ವಾಸನೆ ನಿಮ್ಮ ಮೂಗಿಗೇ ಬರುತ್ತದೆ. ಗೋದಾಮಿನಿಂದ ದೂರ ನಿಲ್ಲಿಸುವುದು, ರಾತ್ರಿ ಬಾನೆಟ್ ಎತ್ತಿ ಬಿಡುವುದು, ಎರಡು ದಿನಕ್ಕೊಮ್ಮೆಯಾದರೂ ಓಡಿಸುವುದು, ಎಸಿ ಗಾಳಿ ಎಳೆಯುವ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿಸುವುದು ಇದಕ್ಕಿಂತ ಮೇಲು.

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಎರಡು ವರ್ಷದ ಕಾರಿಗೆ ಅಲ್ಲೂ ‘ಡಯಾಗ್ನೋಸ್ಟಿಕ್ ಫೀ’ ಎಂದು 180 ಡಾಲರ್ ಕೇಳಿದ್ದಾರಂತೆ. ಅಲ್ಲೂ ಹೀಗೇನಾ?
— ಓದುಗರು, ಹಾಸನ

ಉತ್ತರ: ಅಲ್ಲೂ ಹೀಗೇ. ಆದರೆ ಹೊಗೆ ನಿಯಂತ್ರಣದ ಭಾಗಗಳ ಮಟ್ಟಿಗೆ ಕ್ಯಾಲಿಫೋರ್ನಿಯಾದ ನಿಯಮ ಸ್ಪಷ್ಟವಾಗಿದೆ. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ನೋಡಿಸಿ, ವಾರಂಟಿಯ ಭಾಗವೇ ಕೆಟ್ಟಿದೆ ಎಂದು ತಿಳಿದರೆ ತಪಾಸಣೆಯ ಕೂಲಿಯನ್ನು ಮಾಲೀಕರಿಂದ ತೆಗೆದುಕೊಳ್ಳುವಂತಿಲ್ಲ. ಆ ವಾರಂಟಿ ಸಾಮಾನ್ಯ ಭಾಗಗಳಿಗೆ 3 ವರ್ಷ ಅಥವಾ 50,000 ಮೈಲಿ, ದುಬಾರಿ ಭಾಗಗಳಿಗೆ 7 ವರ್ಷ ಅಥವಾ 70,000 ಮೈಲಿ. ಗಾಡಿಯ ಜೊತೆ ಕೊಟ್ಟ ವಾರಂಟಿ ಪುಸ್ತಕದಲ್ಲಿ ಭಾಗಗಳ ಪಟ್ಟಿ ಇರುತ್ತದೆ, ಅದನ್ನು ಕೈಯಲ್ಲಿ ಹಿಡಿದೇ ಹೋಗಲಿ.

ಪ್ರಶ್ನೆ: ಬಿಎಸ್-6 ಡೀಸೆಲ್ ಗಾಡಿ. ತೋಟದಿಂದ ಪೇಟೆಗೆ 6 ಕಿ.ಮೀ., ದಿನಕ್ಕೆ ಎರಡು ಸಲ. ಡಿಪಿಎಫ್ ಲೈಟ್ ಬಂದು ಸರ್ವಿಸ್ ಸೆಂಟರಿನಲ್ಲಿ ಯಂತ್ರ ಹಾಕಿ ಕ್ಲೀನ್ ಮಾಡಿಸಿದರು. ಇದು ಎರಡನೇ ಸಲ, ಎರಡು ಸಲವೂ ದುಡ್ಡು ತೆಗೆದುಕೊಂಡರು. ವಾರಂಟಿ ಇನ್ನೂ ಇದೆ.
— ಓದುಗರು, ಬಾಳೆಹೊನ್ನೂರು

ಉತ್ತರ: ಡಿಪಿಎಫ್ ಎಂಬುದು ಹೊಗೆಯ ಮಸಿ ಹಿಡಿಯುವ ಜಾಲರಿ. ಮಸಿ ತುಂಬಿದಾಗ ಗಾಡಿ ತಾನೇ ಹೆಚ್ಚು ಡೀಸೆಲ್ ಸುರಿದು ಅದನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಸುಡುತ್ತದೆ. ಅದಕ್ಕೆ ಎಂಜಿನ್ ಬಿಸಿಯಾಗಿರಬೇಕು, ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಓಡಬೇಕು. ಆರು ಕಿಲೋಮೀಟರಿನಲ್ಲಿ ಎಂಜಿನ್ ಬಿಸಿಯಾಗುವಷ್ಟರಲ್ಲಿ ಪೇಟೆ ಬಂದಿರುತ್ತದೆ. ಸುಡುವುದು ಅರ್ಧಕ್ಕೆ ನಿಂತು ಮತ್ತೆ ಮತ್ತೆ ಶುರುವಾಗುತ್ತದೆ. ಓಡಿಸುವ ರೀತಿಯಿಂದ ಮಸಿ ಕಟ್ಟಿದರೆ ಅದನ್ನು ದೋಷವೆಂದು ಕಂಪನಿ ಒಪ್ಪುವುದಿಲ್ಲ, ಮೊದಲ ಸಲದ ಬಿಲ್ಲಿಗೆ ನಮ್ಮ ತಕರಾರಿಲ್ಲ.

ಎರಡನೇ ಸಲದ್ದಕ್ಕೆ ಇದೆ. ಇಷ್ಟು ಬೇಗ ಮತ್ತೆ ತುಂಬಿದ್ದೇಕೆ ಎಂದು ಅವರು ನೋಡಬೇಕಿತ್ತು. ಸೋರುವ ಇಂಜೆಕ್ಟರ್, ತೆರೆದೇ ಉಳಿದ ಇಜಿಆರ್ ವಾಲ್ವ್ (ಹೊಗೆಯನ್ನು ಎಂಜಿನ್‌ಗೆ ಮರಳಿ ಬಿಡುವುದು), ಟರ್ಬೊ ಪೈಪಿನ ಬಿರುಕು, ಡಿಪಿಎಫ್ ಹಿಂದು-ಮುಂದಿನ ಒತ್ತಡ ಅಳೆಯುವ ಸೆನ್ಸರ್: ಇವುಗಳಲ್ಲಿ ಒಂದು ಕೆಟ್ಟರೂ ನೀವು ಹೇಗೇ ಓಡಿಸಿದರೂ ಮಸಿ ತುಂಬುತ್ತದೆ ಅಥವಾ ತುಂಬಿದೆ ಎಂದು ಗಾಡಿಗೆ ಅನಿಸುತ್ತದೆ. ಅವು ವಾರಂಟಿಯ ಭಾಗಗಳು. ಕ್ಲೀನ್ ಮಾಡುವ ಮೊದಲು ಮತ್ತು ನಂತರದ ಮಸಿ ಪ್ರಮಾಣ, ಒತ್ತಡದ ವ್ಯತ್ಯಾಸ, ಕೊನೆಯ ಸಲ ಪೂರ್ತಿ ಸುಟ್ಟು ಎಷ್ಟು ಕಿ.ಮೀ. ಆಯಿತು ಎಂಬ ಅಂಕಿಗಳನ್ನು ಪ್ರಿಂಟ್ ಕೇಳಿ. ಎಂಜಿನ್ ಆಫ್ ಇದ್ದು ಕೀ ಆನ್ ಮಾಡಿದಾಗ ಒತ್ತಡದ ವ್ಯತ್ಯಾಸ ಸೊನ್ನೆಯ ಹತ್ತಿರವಿರಬೇಕು. ಇಲ್ಲವಾದರೆ ಸೆನ್ಸರ್ ಮೇಲೇ ಮೊದಲ ಅನುಮಾನ.

ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿ. ಸುಡುವುದು ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಮಟ್ಟ ‘ಮ್ಯಾಕ್ಸ್’ ಗೆರೆಯ ಮೇಲೆ ಹೋಗಿದ್ದರೆ, ಬೆರಳಿಗೆ ತೆಳ್ಳಗೆ ಅನಿಸಿ ಡೀಸೆಲ್ ವಾಸನೆ ಬಂದರೆ ಕಿಲೋಮೀಟರ್ ಲೆಕ್ಕ ನೋಡದೆ ಆಯಿಲ್ ಬದಲಿಸಿ. ಇದನ್ನು ಬಿಟ್ಟರೆ ಬೇರಿಂಗ್‌ಗೆ ಕುತ್ತು.

ವಾರಕ್ಕೊಂದು ಸಲ ಹಾಸನ–ಚನ್ನರಾಯಪಟ್ಟಣದಂಥ ನಾಲ್ಕು ಪಥದ ರಸ್ತೆ ಸಿಕ್ಕರೆ ಒಂದು ಗೇರು ಕೆಳಗಿಟ್ಟು 60–80ರ ವೇಗದಲ್ಲಿ ಇಪ್ಪತ್ತು–ಇಪ್ಪತ್ತೈದು ನಿಮಿಷ ಓಡಿಸಿ. ಮಸಿ ಸುಡುವಾಗ ಐಡ್ಲಿಂಗ್ ಏರುತ್ತದೆ, ನಿಲ್ಲಿಸಿದ ಮೇಲೂ ಫ್ಯಾನ್ ತಿರುಗುತ್ತಿರುತ್ತದೆ. ಆಗ ಆಫ್ ಮಾಡಬೇಡಿ. ಒಣ ತರಗೆಲೆಯ ಮೇಲೋ ಕಾಫಿ ಹೊಟ್ಟಿನ ರಾಶಿಯ ಹತ್ತಿರವೋ ಆ ಹೊತ್ತಿನಲ್ಲಿ ನಿಲ್ಲಿಸಲೇಬೇಡಿ, ಬೆಂಕಿ ಹತ್ತುತ್ತದೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಬ್ಲೂಟೂತ್ ಸ್ಕ್ಯಾನರ್ ತರಿಸಿ ಕೋಡ್ ಅಳಿಸಿದೆ. ಈಗ ಶೋರೂಮಿನವರು ‘ನೀವು ಕೈ ಹಾಕಿದ್ದೀರಿ, ವಾರಂಟಿ ಹೋಯ್ತು’ ಅಂತಾರೆ.
— ಓದುಗರು, ಅರಸೀಕೆರೆ

ಉತ್ತರ: ಓದಿದರೆ ಏನೂ ಆಗದು. ಅಳಿಸಿದ್ದು ಮಾತ್ರ ಬುದ್ಧಿವಂತಿಕೆಯಲ್ಲ. ಕೋಡಿನ ಜೊತೆ ಫ್ರೀಜ್ ಫ್ರೇಮ್ ಹೋಯಿತು, ಗಾಡಿಯ ಸ್ವಯಂ ಪರೀಕ್ಷೆಗಳೆಲ್ಲ ಮೊದಲಿಂದ ಶುರುವಾಗಬೇಕು. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕುವ ಊರಿನ ಮದ್ದಿಗೂ ಇದೇ ಫಲ. ‘ತೊಂದರೆ ಕಾಣ್ತಿಲ್ಲ’ ಎಂದು ತಪಾಸಣೆ ಚಾರ್ಜು ಹಾಕಿ ಕಳಿಸಲು ನೀವೇ ದಾರಿ ಮಾಡಿಕೊಟ್ಟಂತೆ. ಇನ್ನು ಮುಂದೆ ಓದಿ, ಸ್ಕ್ರೀನ್‌ಶಾಟ್ ತೆಗೆದು, ಹಾಗೇ ತೆಗೆದುಕೊಂಡು ಹೋಗಿ. ಅಗ್ಗದ ಸ್ಕ್ಯಾನರನ್ನು ಸಾಕೆಟ್ಟಿನಲ್ಲೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ.

ಅಳಿಸಿದ ಮಾತ್ರಕ್ಕೆ ಇಡೀ ವಾರಂಟಿ ಹೋಗದು. ಹೊರಗಿನ ಗ್ಯಾರೇಜಿಗೆ ಹೋದರೆಂದು ಸಾರಾಸಗಟು ವಾರಂಟಿ ರದ್ದು ಮಾಡುವ ಷರತ್ತು ಹಾಕಬಾರದು, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ವಿರುದ್ಧದ ಆದೇಶದಲ್ಲಿ ಹೇಳಿತ್ತು. ಆ ಆದೇಶದ ಮೇಲೆ ಮೇಲ್ಮನವಿಗಳು ನಡೆದವು. ಅದನ್ನೇ ಬ್ರಹ್ಮಾಸ್ತ್ರ ಮಾಡಿಕೊಳ್ಳದೆ ಒಂದೇ ಪ್ರಶ್ನೆ ಕೇಳಿ: ‘ಕೋಡ್ ಅಳಿಸಿದ್ದರಿಂದ ಯಾವ ಭಾಗ ಹೇಗೆ ಕೆಟ್ಟಿತು? ಬರೆದು ಕೊಡಿ.’

ಪ್ರಶ್ನೆ: ಸ್ಕೂಟರ್ ತೆಗೆದುಕೊಂಡು 9 ತಿಂಗಳು, ಬ್ಯಾಟರಿ ಸತ್ತಿದೆ. ಚೆಕ್ ಮಾಡಲು 300 ತೆಗೆದುಕೊಂಡು ‘ಬ್ಯಾಟರಿ ಕಂಪನಿ ಡೀಲರ್ ಹತ್ರ ಹೋಗಿ’ ಅಂದರು.
— ಓದುಗರು, ಹೊಳೆನರಸೀಪುರ

ಉತ್ತರ: ಬ್ಯಾಟರಿ, ಟಯರುಗಳಿಗೆ ಅವುಗಳ ತಯಾರಕರದೇ ವಾರಂಟಿ ಇರುವುದು ರೂಢಿ, ಕಳಿಸಿದ್ದು ಸರಿ. ಆದರೆ 300ಕ್ಕೆ ಅಂಕಿಗಳಿರುವ ಚೀಟಿ ಬೇಕು. ನಾಲ್ಕಾರು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್, 12ಕ್ಕಿಂತ ಕೆಳಗಿದ್ದರೆ ಖಾಲಿ. ಎಂಜಿನ್ ಓಡಿಸಿ ಸ್ವಲ್ಪ ರೇಸ್ ಕೊಟ್ಟಾಗ 13.5ರಿಂದ 14.5ರೊಳಗೆ ಬರಬೇಕು. 13ರ ಕೆಳಗೇ ನಿಂತರೆ ಚಾರ್ಜಿಂಗ್ ಸರಿಯಿಲ್ಲ. ಆಗ ತೊಂದರೆ ಸ್ಕೂಟರಿನದು, ವಾಪಸ್ ಅಲ್ಲಿಗೇ ಹೋಗಿ, 300ನ್ನೂ ಕೇಳಿ.

ಪ್ರಶ್ನೆ: ವಾರಂಟಿ ಇಲ್ಲ ಅಂದರು, ಒಪ್ಪಿಗೆ ಕೇಳದೆ 6,000ದ ತಪಾಸಣೆ ಬಿಲ್ ಹಾಕಿದರು. ಕಟ್ಟದೆ ಗಾಡಿ ಬಿಡಲ್ಲ ಅಂತಾರೆ. ಪೊಲೀಸರಿಗೆ ಕೊಡಲಾ?
— ಓದುಗರು, ಕಡೂರು

ಉತ್ತರ: ಪೊಲೀಸರು ಇದು ಸಿವಿಲ್ ವ್ಯಾಜ್ಯ ಎಂದು ಕಳಿಸುವುದೇ ಹೆಚ್ಚು. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ ವಹಿಸಿಕೊಟ್ಟ ವಸ್ತುವಿನ ಮೇಲೆ ಶ್ರಮ ಹಾಕಿದವರು ತಮಗೆ ಸಲ್ಲಬೇಕಾದ ಕೂಲಿ ಬರುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ಸಲ್ಲಬೇಕಾದದ್ದು ಎಷ್ಟು ಎಂಬುದೇ ಜಗಳ. ಹಠಕ್ಕೆ ಬಿದ್ದು ಗಾಡಿ ಅಲ್ಲೇ ಬಿಟ್ಟರೆ ಪಾರ್ಕಿಂಗ್ ಬಾಡಿಗೆ ಬೇರೆ ಕೇಳುತ್ತಾರೆ. ದುಡ್ಡು ಕಟ್ಟಿ ಗಾಡಿ ಬಿಡಿಸಿಕೊಳ್ಳಿ. ನಗದು ಬೇಡ. ಬಿಲ್ಲಿನ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ, ಒಪ್ಪಿಗೆ ಪಡೆಯದ ತಪಾಸಣೆ ಶುಲ್ಕ’ ಎಂದು ಬರೆದು ಸಹಿ ಹಾಕಿ. ಬರೆಯಲು ಬಿಡದಿದ್ದರೆ ಅಲ್ಲೇ ನಿಂತು ಅದೇ ಮಾತನ್ನು ಇಮೇಲ್ ಮಾಡಿ. ವಾರಂಟಿ ನಿರಾಕರಿಸಿದ ಕಾರಣವನ್ನು ಬರಹದಲ್ಲಿ ಕೇಳಿ. ದುಡ್ಡು ಕೊಟ್ಟು ಬದಲಿಸಿದ ಹಳೆಯ ಭಾಗವಿದ್ದರೆ ಅದನ್ನೂ ಕೇಳಿ ಪಡೆಯಿರಿ. ವಾರಂಟಿಯಲ್ಲಿ ಬದಲಿಸಿದ್ದಾದರೆ ಅದು ಕಂಪನಿಗೆ ಹೋಗುತ್ತದೆ, ಫೋಟೊ ಸಾಕು.

ಮೊದಲು ವರ್ಕ್ಸ್ ಮ್ಯಾನೇಜರ್, ಆಮೇಲೆ ಕಂಪನಿಯ ಗ್ರಾಹಕ ವಿಭಾಗ. ಚಾಸಿ ನಂಬರಿನ 17 ಅಕ್ಷರಗಳು, ಜಾಬ್ ಕಾರ್ಡ್ ಸಂಖ್ಯೆ, ಕಿ.ಮೀ. ಮೂರೂ ಇಮೇಲ್‌ನಲ್ಲಿರಲಿ, ಉತ್ತರಕ್ಕೆ ಹದಿನೈದು ದಿನ ಕೊಡಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗ. ಡೀಲರ್ ಹಾಸನದಲ್ಲೋ ಬೆಂಗಳೂರಿನಲ್ಲೋ ಇದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ಗಡುವು 2 ವರ್ಷ.

ಶುಲ್ಕ ನೀವು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ಬೆಲೆಯ ಮೇಲೆ. ಸರ್ವಿಸ್ ಬಿಲ್ಲಿನದಷ್ಟೇ ವ್ಯಾಜ್ಯವಾದರೆ 5 ಲಕ್ಷದೊಳಗೆ ಬರುವುದರಿಂದ ಶುಲ್ಕವೇ ಇಲ್ಲ. ಕಾರಿನಲ್ಲೇ ತಯಾರಿಕಾ ದೋಷವೆಂದು ಹೋಗುವುದಾದರೆ ಕಾರಿನ ಬೆಲೆ 5ರಿಂದ 10 ಲಕ್ಷಕ್ಕೆ 200 ರೂ., 10ರಿಂದ 20 ಲಕ್ಷಕ್ಕೆ 400 ರೂ. ಆ ದಾರಿ ಹಿಡಿದರೆ ಪರಿಣತರ ವರದಿ ಬೇಕಾಗಬಹುದು. ನಿಮ್ಮ 6,000ಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ‘ತಪಾಸಣೆಗೆ ಒಪ್ಪಿಗೆ’ ಎಂಬ ಜಾಗದಲ್ಲಿ ನಿಮ್ಮ ಸಹಿಯೂ ಮೊತ್ತವೂ ಇಲ್ಲದ ಜಾಬ್ ಕಾರ್ಡಿನ ಪ್ರತಿ ಕೈಯಲ್ಲಿದ್ದರೆ ಅದನ್ನೇ ದೂರಿನ ಮೊದಲ ಲಗತ್ತು ಮಾಡಿ.